ಜೋಡಣೆಯ ಕೆಳಗೆ ಬಿಳಿ ಕಾಗದ

ಟ್ರಾಮ್ ಓಡಿಸುವ ಓತಕರ್ ಹೊತ್ತು ತಂದ ಪೆಟ್ಟಿಗೆಯ ಹೊಟ್ಟೆಯಲ್ಲಿ
ನೀರು ಗುಡುಗುಡು ಅನ್ನುತ್ತಿತ್ತು.
"ರಾತ್ರಿ ವಿಮಾನ ಇಳಿಸುತ್ತಿದ್ದೆ, ಬೊಹ್ದಾನಾ.
ರನ್‌ವೇ ಕಂಡಿತು, ಚಕ್ರ ಇಳಿಬಿಟ್ಟೆ,
ಪರದೆ ಕಪ್ಪಾಯಿತು."
ಹಗಲೆಲ್ಲ ಹಳಿ ಬಿಟ್ಟು ಗೇಣುದ್ದ ಅತ್ತಿತ್ತ ಹೋಗಲಾರದವನು
ರಾತ್ರಿ ಅಡುಗೆಮನೆಯ ಮೂಲೆಯಲ್ಲಿ ಕೂತು
ಆಲ್ಪ್ಸ್ ದಾಟುತ್ತಾನೆ.

ಬಿಚ್ಚಿದೆ.
ಗ್ರಾಫಿಕ್ಸ್ ಕಾರ್ಡಿನ ಬೆನ್ನ ಮೇಲೆ
ಹಸಿರು ಕಲೆ, ಒಣಗಿದ ಉಪ್ಪು.
ಕೊಳವೆ ಮೊದಲು ಗಾಜಿನಂತಿತ್ತಂತೆ, ಈಗ ಗಂಜಿ ಬಣ್ಣ.
ತಾಮ್ರದ ತಟ್ಟೆಯ ಕೂದಲೆಳೆ ಸಂದುಗಳಲ್ಲಿ
ಅಂಟಂಟು ಲೋಳೆ, ಹಲ್ಲುಜ್ಜುವ ಬ್ರಷ್ಷಿಗೂ ಜಗ್ಗದು.
ಪೆಟ್ಟಿಗೆಯ ಮೇಲೆ ಬರೆದಿತ್ತು: ಅಪ್ಪಟ ತಾಮ್ರ, ಐದು ವರ್ಷ ಖಾತರಿ.
ರೇಡಿಯೇಟರಿನ ಕಪ್ಪು ಬಣ್ಣದ ಮೇಲೆ ಅರ ಆಡಿಸಿದೆ.
ಕೆಂಪು ಕಾಣಬೇಕಾದಲ್ಲಿ
ಬೆಳ್ಳಗೆ ನಕ್ಕಿತು ಅಲ್ಯೂಮಿನಿಯಂ.

ಎತ್ತು ಏರಿಗೆ, ಕೋಣ ನೀರಿಗೆ.
ಎರಡು ಲೋಹವನ್ನು ಒಂದೇ ನೀರಿನ ನೊಗಕ್ಕೆ ಕಟ್ಟಿ
ಮೇಲೆ ನೀಲಿ ದೀಪ ಹಚ್ಚಿ ಮಾರಿದ್ದಾರೆ.
ದೀಪ ಮಾತ್ರ, ಹೇಳಬೇಕು,
ಒಂದು ದಿನವೂ ಕೆಟ್ಟಿಲ್ಲ.

ಕಂಪನಿಗೆ ಬರೆದೆ. ಉತ್ತರ ಬಂತು:
ತಿರುಪು ಅತಿಯಾಗಿ ಬಿಗಿದಿದ್ದೀರಿ.
ಮತ್ತೆ ಬರೆದೆ:
ತಿರುಪು ಸಡಿಲ ಬಿಟ್ಟಿದ್ದೀರಿ.
ಮೂರನೆಯದಕ್ಕೆ ಕಾಗದವಿಲ್ಲ, ಹೊಸ ಕಿಟ್ಟೇ ಬಂತು,
ಅದೇ ಪೆಟ್ಟಿಗೆ, ಅದೇ ಅಪ್ಪಟ,
ರಬ್ಬರ್ ಉಂಗುರ ಒಂದು ಹೆಚ್ಚು, ಒಂದು ಕಡಿಮೆ.
ಯಾವುದು ಹೆಚ್ಚು, ಯಾವುದು ಕಡಿಮೆ
ಅನ್ನುವುದು ಮಾತ್ರ ಎರಡು ಭಾಷೆಯ ಕೈಪಿಡಿಯಲ್ಲೂ ಇಲ್ಲ.

"ಹಾಕಿಬಿಡು" ಅಂದ ಓತಕರ್, "ನೀಲಿ ಚೆಂದ."

ಕಂಪ್ಯೂಟರಿಗೆ ಕರೆಂಟು ಕೊಡದೆ
ಪಂಪಿಗೆ ಮಾತ್ರ ಕೊಟ್ಟೆ.
ಒಂದೊಂದು ಜೋಡಣೆಯ ಕೆಳಗೂ
ಬಿಳಿ ಕಾಗದ ಮಡಿಸಿಟ್ಟೆ,
ತೊಟ್ಟಿಲ ಕೂಸಿಗೆ ಹಾಸಿದ ಹಾಗೆ.
ಇನ್ನು ಇಪ್ಪತ್ನಾಲ್ಕು ಗಂಟೆ.

ಸಂಜೆ ಅಪ್ಪ ಬಂದ, ರೊಟ್ಟಿ, ಸಾಸಿವೆ, ಬಿಯರಿನ ಜೊತೆ.
ನೆಲದಡಿ ಎಂಟುನೂರು ಮೀಟರಿನಲ್ಲಿ
ಗಣಿಯ ನೀರು ಮೇಲೆತ್ತುವ ಪಂಪು ಕಾದವನು.
ಈಗ ಓಸ್ತ್ರಾವಾದಲ್ಲಿ ಕಲ್ಲಿದ್ದಲು ತೆಗೆಯುವವರಿಲ್ಲ,
ಅಪ್ಪನ ಎಡಗಿವಿಯಲ್ಲಿ ಆ ಪಂಪು ಮಾತ್ರ ಇನ್ನೂ ತಿರುಗುತ್ತದೆ,
ಬೇರೇನೂ ಕೇಳಿಸದು.
ಹೆಬ್ಬೆರಳಷ್ಟಿದ್ದ ಈ ಪಂಪಿನ ಮೇಲೆ ತೋರುಬೆರಳಿಟ್ಟ,
ನಾಡಿ ನೋಡುವವನ ಹಾಗೆ ಕಣ್ಣು ಮುಚ್ಚಿ.
"ಬೇರಿಂಗಿನಲ್ಲಿ ಮರಳಿದೆ" ಅಂದ.
"ಈಸ್ಟರ್ ಕಾಣದು."

ಮಡಿಸಿದ ಕಾಗದ ನೋಡಿ ನಕ್ಕ.
"ನಾವು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ
ಒದ್ದೆಯ ಸುತ್ತ ಗೆರೆ ಎಳೆದು ತಾರೀಖು ಹಾಕುತ್ತಿದ್ದೆವು.
ಗೆರೆ ದಾಟಿದರೆ ಓಟ.
ನೀರು ಸುಳ್ಳು ಹೇಳುವುದಿಲ್ಲ ಮಗಳೇ,
ಹೇಳಲು ಅವಸರವೂ ಪಡುವುದಿಲ್ಲ."

ಹನ್ನೆರಡಕ್ಕೆ ನೋಡಿದೆ, ಒಣ.
ಎರಡಕ್ಕೆ, ಒಣ.
ಮೂರೂವರೆಗೆ, ನಿದ್ದೆಗಣ್ಣಲ್ಲಿ, ಒಣವೇ ಅನ್ನಿಸಿತು,
ಅಪ್ಪ ಕುರ್ಚಿಯಲ್ಲೇ ಗೊರಕೆ,
ಪಂಪಿನದು ಅದಕ್ಕಿಂತ ಸಣ್ಣ, ಅದಕ್ಕಿಂತ ಕೆಟ್ಟ ಗೊರಕೆ.
ಐದಕ್ಕೆ ಮೊದಲ ಟ್ರಾಮು ಹೋಯಿತು,
ಕಿಟಕಿ ನಡುಗಿತು,
ತಟ್ಟೆಯ ಕೆಳಗಿನ ಕಾಗದದ ಮೇಲೆ
ತೊಗರಿಬೇಳೆಯಷ್ಟು ನೀಲಿ.

ಬೇಸರವಾಗಬೇಕಿತ್ತು. ಆಗಲಿಲ್ಲ.
ಅವನ ಮನೆಯಲ್ಲಿ, ಆಲ್ಪ್ಸಿನ ಮೇಲೆ, ಬೀಳಬೇಕಿದ್ದ ಹನಿ
ಇಲ್ಲಿ, ನನ್ನ ಮೇಜಿನ ಮೇಲೆ ಬಿತ್ತು.
ಪೆನ್ನಿನಿಂದ ಸುತ್ತ ಗೆರೆ ಎಳೆದೆ.
ಐದು ಗಂಟೆ ಎಂಟು ನಿಮಿಷ, ಫೆಬ್ರವರಿ ಒಂಬತ್ತು.
ಲಕೋಟೆಗೆ ಹಾಕಿ ಕಂಪನಿಯ ವಿಳಾಸ ಬರೆದೆ.
ಅವರಿಗೆ ನಾನು ಕಳಿಸುತ್ತಿರುವ ಆರನೆಯ ಹನಿ ಇದು.
ಅಲ್ಲಿ ಯಾರೋ ಒಬ್ಬರು ಲಕೋಟೆ ಬಿಚ್ಚಿ
ಖಾಲಿ ಕಾಗದವೆಂದು ಬಿಸಾಡುತ್ತಾರೇನೋ,
ಅಂಚೆಗೆ ಹಾಕುವುದು ಬಿಡಲಾರೆ.

ಮಧ್ಯಾಹ್ನ ಓತಕರ್ ಸಮವಸ್ತ್ರದಲ್ಲೇ ಬಂದ.
ಫ್ಯಾನಿನ ದಪ್ಪ ಕೂಲರ್ ಕೂರಿಸಿಟ್ಟಿದ್ದೆ,
ಕಂದು ಬಣ್ಣ, ಇಟ್ಟಿಗೆಯ ರೂಪ.
ಬಹಳ ಹೊತ್ತು ನೋಡಿದ.
"ಸದ್ದು ಮಾಡುತ್ತದೆ."
ಮಾಡುತ್ತದೆ, ಅಂದೆ.
ಕೆಡುವ ಮೊದಲು ಇನ್ನೂ ಜೋರಾಗಿ ಮಾಡುತ್ತದೆ.
"ನೀಲಿ?"
ಕಿತ್ತಿಟ್ಟ ದೀಪದ ಪಟ್ಟಿಯನ್ನು ಅವನ ಅಂಗೈಗೆ ಹಾಕಿದೆ.
ಟೋಪಿಯೊಳಗಿಟ್ಟುಕೊಂಡು ಹೊರಟ,
ಹಳಿಯ ಕಡೆಗೆ.